ಕೆಳಗಿನ ಹೊಲಕ್ಕೆ ಇಳಿದ ನೀರು

ಸರ್ರ್, ಸರ್ರ್ ಎಂದು ಎಣ್ಣೆ ಕುಡಿದ ಮರಳಿನ ಮೇಲೆ ಹಲಗೆ ಎಳೆಯುವ ಸದ್ದು. ತೊಂಬತ್ತರ ದಶಕ ಅಂದ ಕೂಡಲೇ ನನ್ನ ಕಿವಿಗೆ ಮೊದಲು ಬರುವುದು ಅದೇ. ಬೆಳಿಗ್ಗೆ ಬೈಲಹೊಂಗಲದಿಂದ ಸವದತ್ತಿಗೆ ಹೋಗುವ ಬಸ್ಸಿನಿಂದ ನಡುವೆ ಇಳಿದು, ನಾನು ಕ್ಲಬ್ಬಿನ ಗೇಟು ದಾಟುವಷ್ಟರಲ್ಲಿ ಅದು ಶುರುವಾಗಿರುತ್ತಿತ್ತು. ನಮ್ಮ ಮಾಲಿ ಕಾಕಾ ಉದ್ದನೆಯ ಕೋಲಿಗೆ ಅಡ್ಡ ಹಲಗೆ ಬಡಿದುಕೊಂಡು, ನಡುವಿನ ಕುಳಿಯಿಂದ ಹೊರಗಿನ ಅಂಚಿನವರೆಗೆ ಸುತ್ತು ಹಾಕುತ್ತ ಮರಳನ್ನು ಸಮ ಮಾಡುತ್ತಿದ್ದರು. ಅರವತ್ತು ದಾಟಿದ ಮನುಷ್ಯ. ಅವಸರವೆಂಬುದು ಅವರ ಕಾಲಿನಲ್ಲೂ ಇರಲಿಲ್ಲ, ಮಾತಿನಲ್ಲೂ ಇರಲಿಲ್ಲ.

ಗಾಲ್ಫ್ ಅಂದರೆ ಹಸಿರು ಹುಲ್ಲುಗಾವಲು ಎಂದು ನೀವು ಟೀವಿಯಲ್ಲಿ ನೋಡಿರುತ್ತೀರಿ. ನಮ್ಮದು ಹಾಗಿರಲಿಲ್ಲ. ಒಂಬತ್ತು ಕುಳಿಗಳ ಸಣ್ಣ ಕೋರ್ಸು, ಪೂರ್ತಿ ಎರೆಮಣ್ಣು. ಮಳೆಗಾಲದಲ್ಲಿ ಕಾಲಿನ ಚಪ್ಪಲಿ ಕಿತ್ತುಕೊಳ್ಳುವ ಮಣ್ಣು, ಚಳಿಗಾಲದಲ್ಲಿ ಕೈ ಇಳಿಯುವಷ್ಟು ಬಿರಿಯುವ ಮಣ್ಣು. ಹುಲ್ಲು ನಿಲ್ಲುವುದಿಲ್ಲವೆಂದು ಕುಳಿಯ ಸುತ್ತ ಗ್ರೀನ್ ಬದಲು ಬ್ರೌನ್ ಮಾಡಿದ್ದರು. ಅಂದರೆ ಮಲಪ್ರಭೆಯ ಮರಳಿಗೆ ಗ್ಯಾರೇಜಿನ ಸುಟ್ಟ ಎಣ್ಣೆ ಕಲಸಿ, ಬಡಿದು ಕೂರಿಸಿದ ದುಂಡನೆಯ ಅಂಗಳ. ಅಲ್ಲಿ ಚೆಂಡು ಉರುಳುತ್ತಿತ್ತು, ಚೆನ್ನಾಗಿಯೇ ಉರುಳುತ್ತಿತ್ತು. ಆಡಿದವರ ಶೂಗಳು ಮಾತ್ರ ಕಪ್ಪಾಗುತ್ತಿದ್ದವು.

ಆಟ ನನ್ನದಲ್ಲ, ಬೈಲಹೊಂಗಲದಲ್ಲಿ ಡಾಕ್ಟರರಾಗಿದ್ದ ನನ್ನ ಯಜಮಾನರದು. ಅವರು ತೀರಿಕೊಂಡ ಮೇಲೆ ಕ್ಲಬ್ಬಿನವರು ಮನೆಗೆ ಬಂದು, "ಲೆಟರ್ ಬರಿಯಾವ್ರು ಯಾರೂ ಇಲ್ರಿ, ನೀವರ ಬರ್ರಿ" ಎಂದು ನನ್ನನ್ನು ಆನರರಿ ಸೆಕ್ರೆಟರಿ ಮಾಡಿದರು. ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರುಗಳು ಬೆರಳ ಗೆಣ್ಣಿಗೆ ರೂಲರ್ ಬಡಿದು ಕಲಿಸಿದ ಹ್ಯಾಂಡ್‌ರೈಟಿಂಗ್ ನನ್ನದು. ಮಿನಿಟ್ಸ್ ಬುಕ್ಕಿನ ಕೆಳಗೆ ಆ ಪದವಿಯನ್ನು ಬರೆದು ಸಹಿ ಹಾಕುವಾಗ ನನಗೆ ಸುಖವಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಈ ಕಥೆಯಲ್ಲಿ ನಾನು ಮಾಡಿದ್ದೆಲ್ಲ ಆ ಸಣ್ಣ ಸುಖವನ್ನು ಉಳಿಸಿಕೊಳ್ಳಲು ಮಾಡಿದ್ದು.

ಒಂದು ವರ್ಷ ಹೊರಗಿನ ಕ್ಲಬ್ಬಿನಿಂದ ಆಡಲು ಬಂದವರು ನಮ್ಮ ಎಣ್ಣೆ ಮರಳನ್ನು ನೋಡಿ ನಕ್ಕು ಹೋದರು. ಬೈಲಹೊಂಗಲದಲ್ಲಿ ಹತ್ತಿಯ ಜಿನ್ನಿಂಗ್ ಮಿಲ್ಲು ನಡೆಸುತ್ತಿದ್ದ ಸಾವಕಾರರು ಆಗ ಕ್ಲಬ್ಬಿನ ಪ್ರೆಸಿಡೆಂಟ್. ಅವರಿಗೆ ಅದು ತಡೆಯಲಿಲ್ಲ.

"ಎಣ್ಣಿ ಗಾಣದಾಗ ಆಡಿದಂಗ ಆತು ಅಂದ್ರಂತ," ಎಂದರು ಮೀಟಿಂಗಿನಲ್ಲಿ. "ಯುಗಾದಿಗೆ ನಮ್ಮಲ್ಲೆ ಟೂರ್ನಮೆಂಟ್ ಇಡೂನು. ಅಷ್ಟರಾಗ ಒಂಬತ್ತೂ ಗ್ರೀನ್ ಆಗಿರಬೇಕು."

ಪುಣೆಯಿಂದ ಒಬ್ಬ ಕನ್ಸಲ್ಟಂಟ್ ಬಂದು ಎರಡು ದಿನ ಅಳತೆ ಮಾಡಿ ಹೋದ. ಹದಿನೈದು ದಿನಕ್ಕೆ ನಕಾಶೆ ಬಂತು. ದೀಪಾವಳಿ ಮುಗಿದು ನೆಲ ಗಟ್ಟಿಯಾದ ಮೇಲೆ ಪ್ರತಿ ಬ್ರೌನಿನ ಅಡಿಯಲ್ಲಿ ಮೀನಿನ ಮುಳ್ಳಿನಂತೆ ಕಾಲುವೆ ತೋಡಬೇಕು, ಅದರಲ್ಲಿ ತೂತಿನ ಪೈಪು ಮಲಗಿಸಬೇಕು, ಮೇಲೆ ಕಡಿ ಕಲ್ಲು, ಅದರ ಮೇಲೆ ಮರಳು, ಎಲ್ಲಕ್ಕೂ ಮೇಲೆ ಹುಲ್ಲು. ಬೋರ್‌ವೆಲ್ ಕೊರೆಸಿ ಸ್ಪ್ರಿಂಕ್ಲರ್ ಹಾಕಬೇಕು. ಎಲ್ಲವೂ ಇಂಗ್ಲಿಷಿನಲ್ಲಿತ್ತು. ನಾನು ವರಾಂಡದಲ್ಲಿ ಕುಳಿತು ಒಂದೊಂದೇ ಸಾಲು ಕನ್ನಡ ಮಾಡಿ ಮಾಲಿ ಕಾಕಾನಿಗೆ ಹೇಳಿದೆ. ಅವರು ಕುಕ್ಕರಗಾಲಿನಲ್ಲಿ ಕೂತು ತಂಬಾಕು ತಿಕ್ಕುತ್ತ ಕೇಳಿದರು.

"ಹುಲ್ಲು ಯಾವುದು ಬಾಯಾರ?"

ನಾನು ಹೆಸರು ಓದಿದೆ, ಚಿತ್ರ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು.

"ಇದು ಕರಿಕಿ ಅಲ್ರಿ? ನಮ್ಮಪ್ಪ ಹೊಲದಾಗಿನ ಕರಿಕಿ ಕಿತ್ತು ಕಿತ್ತು ನಡಾ ಮುರಕೊಂಡು ಸತ್ತ. ನೀವು ಅದನ್ನ ಪುಣೆದಿಂದ ಲಾರಿ ಮ್ಯಾಲ ತರಸಾಕತ್ತೀರಿ."

"ಇದು ಸುಧಾರಿಸಿದ ಜಾತಿ ಅಂತ ಕಾಕಾ."

"ಹೌದೇನ್ರಿ. ಹಂಗಾರ ಆತು ಬಿಡ್ರಿ," ಎಂದು ಅವರು ಎದ್ದರು. ಮುಖದಲ್ಲಿ ನಗೆಯಿಲ್ಲ.

ತೋಡುವ ಕೆಲಸ ಸುಲಭವಾಗಿಯೇ ಶುರುವಾಯಿತು. ತೊಡಕಾದದ್ದು ಕಾಲುವೆಗಳ ಕೊನೆಯಲ್ಲಿ. ಬಸಿದ ನೀರು ಎಲ್ಲಿಗಾದರೂ ಹೋಗಬೇಕಲ್ಲ. ಹಳ್ಳ ಇತ್ತು, ಆದರೆ ನಮ್ಮ ಬೇಲಿಯ ಒಳಗೇ ಅಲ್ಲಿಗೆ ಹೋಗಬೇಕೆಂದರೆ ನಡುವೆ ಹಾಸುಬಂಡೆ. ನೇರ ಗೆರೆ ಎಳೆದರೆ ಅದು ಕೆಳಗಿನ ತೋಟದ ಮೂಲೆ ಹಾದು ಹೋಗುತ್ತಿತ್ತು. ಆ ತೋಟ ಒಬ್ಬ ಮುಸ್ಲಿಂ ಹೆಣ್ಣುಮಗಳದು. ನಲವತ್ತರ ಹತ್ತಿರದ ವಯಸ್ಸು. ಗಂಡ ಲಾರಿ ಡ್ರೈವರ್, ಕಿತ್ತೂರಿನ ಹೈವೇ ಹಿಡಿದು ಹೋದರೆ ತಿಂಗಳಿಗೆ ಎರಡು ಸಲ ಮನೆಗೆ. ಈಕೆ ಮೆಂತೆ, ಬದನೆ, ಮೆಣಸಿನಕಾಯಿ ಬೆಳೆದು ಸವದತ್ತಿಯ ಸಂತೆಗೆ ಒಯ್ಯುತ್ತಿದ್ದಳು. ತೋಟಕ್ಕಿಂತ ದೊಡ್ಡ ಆಸ್ತಿ ಅದೇ ಮೂಲೆಯ ಹತ್ತಿರವಿದ್ದ ಬಾವಿ. ಆ ಭಾಗದಲ್ಲಿ ಸಿಹಿನೀರು ಅಲ್ಲೊಂದು ಇಲ್ಲೊಂದು ಕಡೆ ಮಾತ್ರ. ಕೆಳಗಿನ ಓಣಿಯ ಹದಿನೈದಿಪ್ಪತ್ತು ಮನೆಯವರು ಬಟ್ಟೆ, ಸ್ನಾನಕ್ಕೆ ಯಾವ ನೀರಾದರೂ ಬಳಸಿಯಾರು, ಕುಡಿಯಲಿಕ್ಕೆ ಮತ್ತು ಬೇಳೆ ಬೇಯಿಸಲಿಕ್ಕೆ ಮಾತ್ರ ಈಕೆಯ ಬಾವಿಗೇ ಬರುತ್ತಿದ್ದರು. ಈಕೆ ಯಾರಿಗೂ ಇಲ್ಲ ಅಂದವಳಲ್ಲ.

ಸಾವಕಾರರು ಒಂದು ಕಾಗದ ಮಾಡಿಸಿ ಹೆಬ್ಬೆಟ್ಟು ಒತ್ತಿಸಿಕೊಂಡು ಬನ್ನಿ ಎಂದರು. ಮಾಲಿ ಕಾಕಾ ಅಡ್ಡ ತಲೆಯಾಡಿಸಿದರು.

"ಇಲ್ಲಿ ಕಾಗದಾ ನಡಿಯೂದಿಲ್ರಿ. ಮ್ಯಾಲಿನ ಹೊಲದ ನೀರು ಕೆಳಗಿನ ಹೊಲಕ್ಕ ಇಳೀಬೇಕಾದ್ರ ಕೆಳಗಿನವರ ಕೈಲೆ ಮೊದಲ ಗುದ್ದಲಿ ಬೀಳಬೇಕು. ಅವರು ಒಲ್ಲೆ ಅಂದ್ರ ಮುಗೀತು. ಬಾಯಾರು ಹೋಗಿ ಕೇಳಲಿ, ಹೆಣಮಕ್ಕಳು ಹೆಣಮಕ್ಕಳು."

ನಾನು ಹೋದೆ. ಆಕೆ ಮೆಂತೆಯ ಸೂಡು ಕಟ್ಟುತ್ತಿದ್ದಳು. ಕೂರಲು ಗೋಣಿಚೀಲ ಮಡಿಸಿ ಹಾಕಿದಳು.

"ಕುಂದರ್ರಿ ಬಾಯಾರ. ಒಂದ ಮಾತ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಅಷ್ಟ ಸಣ್ಣ ಚೆಂಡು, ಅಷ್ಟ ಸಣ್ಣ ಕುಣಿ, ಅದಕ್ಕ ಇಷ್ಟ ದೊಡ್ಡ ಹೊಲಾ ಯಾಕ್ರಿ? ನನಗ ಕೊಟ್ಟಿದ್ರ ಬದನಿಕಾಯಿ ಬೆಳೀತಿದ್ನೆಲ್ಲ."

"ನನಗೂ ಗೊತ್ತಿಲ್ಲ ತಂಗಿ," ಎಂದೆ. ಇಬ್ಬರೂ ನಕ್ಕೆವು. ಆಮೇಲೆ ನಾನು ಬಂದ ಕೆಲಸ ಹೇಳಿದೆ. ಆಕೆ ಸೂಡು ಕಟ್ಟುವುದನ್ನು ನಿಲ್ಲಿಸಲಿಲ್ಲ.

"ಯಾವ ನೀರು ಇಳೀತೈತಿ?"

"ಮಳಿ ನೀರು."

"ಬರೇ ಮಳಿ ನೀರು?"

"ಬರೇ ಮಳಿ ನೀರು."

"ಈ ಮಾತು ಸಾವಕಾರ್ದೋ, ನಿಮ್ದೋ?"

"ನಂದು," ಎಂದೆ. ಯಾಕೆ ಹಾಗೆಂದೆನೋ. ಬಹುಶಃ ಅಷ್ಟು ನೇರವಾಗಿ ನನ್ನ ಮಾತನ್ನು ಯಾರೂ ಕೇಳಿರಲಿಲ್ಲ. ಸುಳ್ಳು ಹೇಳುತ್ತಿದ್ದೇನೆ ಎಂದು ಆಗ ನನಗೆ ಗೊತ್ತಿರಲಿಲ್ಲ, ಅದು ನಿಜ. ಸ್ಪ್ರಿಂಕ್ಲರಿನ ನೀರೂ ಬಸಿದು ಅದೇ ಪೈಪಿಗೆ ಇಳಿಯುತ್ತದೆ ಎಂದು ಯೋಚಿಸಬಹುದಿತ್ತು. ಯೋಚಿಸಲಿಲ್ಲ, ಅದೂ ನಿಜ.

ಮರುದಿನ ಓಣಿಯ ನಾಲ್ಕು ಮಂದಿ ನೋಡುತ್ತಿರುವಾಗ ಆಕೆ ಸೆರಗು ಸಿಕ್ಕಿಸಿಕೊಂಡು ಮಾಲಿ ಕಾಕಾನ ಕೈಯಿಂದ ಗುದ್ದಲಿ ತೆಗೆದುಕೊಂಡಳು. ತನ್ನ ಬದುವಿನ ಮೇಲೆ ಮೂರು ಏಟು ಹಾಕಿದಳು. ಆಮೇಲೆ ಕೂಲಿಯವರು ಮುಂದುವರಿಸಿದರು.

ಬೋರ್‌ವೆಲ್ಲಿಗೆ ನೀರು ಬಿತ್ತು. ಹುಲ್ಲು ನೆಟ್ಟದ್ದಾಯಿತು. ದಿನಾ ಮುಂಜಾನೆ ಸ್ಪ್ರಿಂಕ್ಲರುಗಳು ತಿರುಗತೊಡಗಿದವು. ಮಣ್ಣು ಬಿರಿದ ಬಯಲಿನ ನಡುವೆ ಒಂಬತ್ತು ಹಸಿರು ದುಂಡುಗಳು. ಚೆಂದ ಕಾಣುತ್ತಿದ್ದವು ಅಂತ ಹೇಳಲೇಬೇಕು. ಆದರೆ ಪುಷ್ಯಮಾಸದ ಹೊತ್ತಿಗೆ ಹುಲ್ಲಿನ ತುದಿ ಸುಟ್ಟಂತೆ ಕೆಂಪಗಾಗತೊಡಗಿತು. ಬಾಟಲಿಯಲ್ಲಿ ಬೋರಿನ ನೀರು ತುಂಬಿ ಪುಣೆಗೆ ಕಳಿಸಿದೆವು.

ಸಂಕ್ರಾಂತಿಯ ಮರುದಿನ ಉತ್ತರ ಬಂತು. ವೆರಿ ನೀಟ್ ಇಂಗ್ಲಿಷ್, ಒಂದೂ ತಪ್ಪಿಲ್ಲ. ನಿಮ್ಮ ನೀರಿನಲ್ಲಿ ಉಪ್ಪು ಬಹಳ ಇದೆ, ಕುಡಿಯಲು ಯೋಗ್ಯವಲ್ಲ. ಹುಲ್ಲನ್ನು ಉಳಿಸಬೇಕೆಂದರೆ ಅದಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ನೀರು ಬಿಡಿ. ಆ ಹೆಚ್ಚಿನ ನೀರು ಉಪ್ಪನ್ನು ಬೇರಿನ ಕೆಳಗೆ ತೊಳೆದುಕೊಂಡು ಹೋಗುತ್ತದೆ, ಡ್ರೇನು ಅದನ್ನು ಹೊರಗೆ ಒಯ್ಯುತ್ತದೆ. ನಾನು ಎರಡು ಸಲ ಓದಿದೆ. ಎರಡನೆಯ ಸಲ ಓದುವ ಅಗತ್ಯವಿರಲಿಲ್ಲ.

ಸಾವಕಾರರಿಗೆ ಫೋನ್ ಮಾಡಿದೆ.

"ಹೆಚ್ಚ ನೀರು ಬಿಡ ಅಂದಾರಲ್ಲ, ಬಿಡೂನು," ಎಂದರು. "ಕಾಗದಾ ಮೀಟಿಂಗಿನ್ಯಾಗ ಓದೂದು ಬ್ಯಾಡ ಬಾಯಾರ. ಟೂರ್ನಮೆಂಟ್ ಒಂದು ಮುಗೀಲಿ."

ನಾನು ಕಾಗದಕ್ಕೆ ತೂತು ಹಾಕಿ ಫೈಲಿಗೆ ಸೇರಿಸಿದೆ. ಆಮೇಲೆ ಮಾಲಿ ಕಾಕಾನನ್ನು ಕರೆದು, ನಾಳೆಯಿಂದ ಸ್ಪ್ರಿಂಕ್ಲರ್ ಒಂದು ತಾಸು ಹೆಚ್ಚು ಬಿಡಬೇಕು, ಆಗ ಉಪ್ಪು ಕೆಳಗೆ ಹೋಗುತ್ತದೆ ಎಂದೆ.

"ಕೆಳಗ ಅಂದ್ರ ಎಲ್ಲಿಗೆ ಬಾಯಾರ?"

ನಾನು ಫೈಲಿನ ದಾರ ಕಟ್ಟಿದೆ. ಅವರು ಕಾದರು. ಕೋಲಿಗೆ ಕೈಯೂರಿ, ತೋಟದ ಕಡೆ ನೋಡದೆ, ನನ್ನನ್ನೂ ನೋಡದೆ ಕಾದರು. ಆಮೇಲೆ ಹೋಗಿ ವಾಲ್ವ್ ತಿರುಗಿಸಿದರು. ಅವರ ಹೊಟ್ಟೆಪಾಡು ಕ್ಲಬ್ಬಿನ ಮೇಲಿತ್ತು.

ಶಿವರಾತ್ರಿಯ ಹೊತ್ತಿಗೆ ತೋಟಕ್ಕೆ ಇಳಿಯುವ ಕಾಲುವೆಯ ತುಟಿಯಲ್ಲಿ ಉಪ್ಪಿನ ಬಿಳಿ ಪುಡಿ ಕಾಣತೊಡಗಿತು. ಕಾಕಾ ಉಗುರಿನಿಂದ ಕೆರೆದು ನನಗೆ ತೋರಿಸಿದರು.

"ಆಕಿಗೆ ನೀವು ಹೇಳ್ತೀರೋ, ನಾ ಹೇಳಲೋ?"

"ಟೂರ್ನಮೆಂಟ್ ಒಂದು ಮುಗೀಲಿ ಕಾಕಾ," ಎಂದೆ. ಸಾವಕಾರರ ಮಾತು ನನ್ನ ಬಾಯಿಂದ ಅಷ್ಟು ಸರಾಗವಾಗಿ ಬಂತು.

ಟೂರ್ನಮೆಂಟ್ ನಡೆಯಿತು. ಕಿತ್ತೂರು, ರಾಮದುರ್ಗ, ಧಾರವಾಡದಿಂದೆಲ್ಲ ಆಡಲು ಬಂದರು. ಯಾರ ಶೂವೂ ಕಪ್ಪಾಗಲಿಲ್ಲ. ಗ್ರೂಪ್ ಫೋಟೋದಲ್ಲಿ ನನ್ನನ್ನು ನಡುವಿನ ಕುರ್ಚಿಯಲ್ಲಿ ಕೂರಿಸಿದರು. ಆ ಫೋಟೋ ಈಗ ನನ್ನ ಬಳಿ ಇಲ್ಲ.

ಯುಗಾದಿಯಾದ ನಾಲ್ಕನೆಯ ದಿನ ಕೆಳಗಿನ ತೋಟದಾಕೆ ಬಂದಳು. ಕ್ಲಬ್ಬಿನ ವರಾಂಡಕ್ಕೆ ಅದೇ ಮೊದಲು ಆಕೆ ಹತ್ತಿದ್ದು. ಸೆರಗಿನಲ್ಲಿ ಹಿಡಿದಿದ್ದ ಬಿಸಿ ಬೋಗುಣಿಯನ್ನು ನನ್ನ ಟೇಬಲ್ಲಿನ ಮೇಲೆ, ಮಿನಿಟ್ಸ್ ಬುಕ್ಕಿನ ಮೇಲೇ ಇಟ್ಟಳು. ಒಳಗೆ ತೊಗರಿಬೇಳೆ. ನೀರು ಬೇರೆ, ಬೇಳೆ ಬೇರೆ.

"ಎರಡು ತಾಸಾತು ಒಲಿ ಮ್ಯಾಲ ಇಟ್ಟು. ಮುಟ್ಟಿ ನೋಡ್ರಿ."

ಮುಟ್ಟಿದೆ. ಬೆರಳ ನಡುವೆ ಕಾಳು ಕಲ್ಲಿನಂತಿತ್ತು.

"ಸ್ವಲ್ಪ ಸೋಡಾ ಹಾಕಿದ್ರ ಬೇಯತೈತಿ," ಎಂದೆ. ಆ ಮಾತು ನೆನಪಾದಾಗಲೆಲ್ಲ ಈಗಲೂ ಎದ್ದು ಕೋಣೆ ಬದಲಿಸುತ್ತೇನೆ.

"ಬ್ಯಾಳಿಗೆ ಸೋಡಾ ಹಾಕಬಹುದು. ಓಣಿ ಮಂದಿ ಕುಡಿಯೂ ನೀರಿಗೆ ಏನ ಹಾಕ್ಲಿ?"

ನಾನು ಎದ್ದು ಫೈಲು ತೆಗೆದೆ. ಪುಣೆಯ ಕಾಗದವನ್ನು ಆಕೆಯ ಮುಂದೆ ಒಂದೊಂದು ಸಾಲೂ ಕನ್ನಡ ಮಾಡಿ ಓದಿದೆ. ಮೀಟಿಂಗಿನಲ್ಲಿ ಓದದ ಕಾಗದ.

"ಇದು ಯಾವಾಗ ಬಂದದ್ದು?"

"ಸಂಕ್ರಾಂತಿ ಮರುದಿನ."

ಆಕೆ ಬೆರಳು ಮಡಚಿದಳು. "ಆಮ್ಯಾಲ ನಮ್ಮ ರಂಜಾನ್ ಆತು. ಶಿವರಾತ್ರಿ ಆತು, ಹೋಳಿ ಆತು, ನಿಮ್ಮ ಯುಗಾದಿನೂ ಆತು. ಕಡೀ ಹತ್ತು ರೋಜಾ ಬಿಡೂ ಮುಂದ ಬಾಯಿ ಒಂಥರಾ ಆಗತಿತ್ತು. ನಾ ಅಂದ್ಕೊಂಡೆ, ಉಪಾಸದ ಬಾಯಿ, ಹಂಗ ಇರತೈತಿ ಅಂತ." ಬೋಗುಣಿ ಎತ್ತಿಕೊಂಡಳು. "ನೀವು ದಿನಾ ಬಸ್ ಇಳದು ನಮ್ಮ ಬೇಲಿ ಮುಂದನ ಹಾದು ಬರತಿದ್ರಿ."

ಬೈಯಲಿಲ್ಲ. ದನಿಯನ್ನೂ ಏರಿಸಲಿಲ್ಲ. ಮರುದಿನ ಬೆಳಿಗ್ಗೆ ಗಂಡನನ್ನು ಕರೆದುಕೊಂಡು ಬುಟ್ಟಿಗಟ್ಟಲೆ ಕಲ್ಲು ಮಣ್ಣು ಹೊತ್ತು ತನ್ನ ಬದುವಿನ ಬಾಯಿ ಮುಚ್ಚತೊಡಗಿದಳು. ತೆರೆದವರಿಗೆ ಮುಚ್ಚುವ ಹಕ್ಕೂ ಇದೆಯಂತೆ. ಮಾಲಿ ಕಾಕಾ ಮಣ್ಣು ಬಡಿಯಲು ಕ್ಲಬ್ಬಿನದೇ ಧಿಮ್ಮಸು ತಂದು ಬೇಲಿಯಾಚೆ ಇಟ್ಟು, ಏನೂ ಗೊತ್ತಿಲ್ಲದವರಂತೆ ಬೆನ್ನು ತಿರುಗಿಸಿ ನಿಂತರು.

ಸಾವಕಾರರು ಮಧ್ಯಾಹ್ನವೇ ಕಾರಿನಲ್ಲಿ ಬಂದರು.

"ಆಕಿಗೆ ಹೇಳಿದವರ್ಯಾರು?"

"ನಾನು."

"ಕ್ಲಬ್ಬಿನ ಕಾಗದಾ ಕ್ಲಬ್ಬಿನ್ಯಾಗ ಇರಬೇಕಲ್ರಿ ಬಾಯಾರ. ಡಾಕ್ಟರ್ ಇದ್ದಿದ್ರ ಹಿಂಗ ಮಾಡತಿರಲಿಲ್ಲ."

ಅವರು ಹೇಳಿದ್ದು ಸರಿ. ಡಾಕ್ಟರರಿದ್ದಿದ್ದರೆ ಕಾಗದ ಬಂದ ದಿನವೇ ಹೇಳಿಬಿಡುತ್ತಿದ್ದರು. ನಾನು ಸಂಜೆಯೊಳಗೆ ರಾಜೀನಾಮೆ ಬರೆದುಕೊಟ್ಟೆ. ಅದರಲ್ಲೂ ಒಂದೂ ತಪ್ಪಿರಲಿಲ್ಲ.

ಮುಂದಿನ ಮುಂಗಾರಿಗೆ ಗ್ರೀನುಗಳ ಗತಿ ಏನಾಯಿತೆಂದು ನಾನು ಬಸ್ಸಿನ ಕಿಟಕಿಯಿಂದ ನೋಡಿದೆ. ಬಸಿಯಲು ದಾರಿಯಿಲ್ಲದೆ ನೀರು ನಿಂತು, ಎರೆಮಣ್ಣು ಉಬ್ಬಿ ಪೈಪುಗಳನ್ನು ಮೇಲಕ್ಕೆ ತಳ್ಳಿ, ಹುಲ್ಲು ಕೊಳೆತು ವಾಸನೆ ರಸ್ತೆಯವರೆಗೆ ಬರುತ್ತಿತ್ತು. ಎರಡು ವರ್ಷ ಒದ್ದಾಡಿ ಮತ್ತೆ ಎಣ್ಣೆ ಮರಳಿಗೇ ಬಂದರಂತೆ. ಅದರಿಂದ ನನಗೆ ದುಃಖವೂ ಆಗಲಿಲ್ಲ, ಸಮಾಧಾನವೂ ಆಗಲಿಲ್ಲ.

ಬಾವಿಯ ಸುದ್ದಿ ಮಾಲಿ ಕಾಕಾನೇ ಹೇಳುತ್ತಿದ್ದರು, ಬೈಲಹೊಂಗಲದ ಸಂತೆಗೆ ಬಂದಾಗ. ಮೊದಲ ಮಳೆಗಾಲ ಹೋಯಿತು, ನೀರು ಸಿಹಿಯಾಗಲಿಲ್ಲ. ಬಾವಿ ಖಾಲಿ ಮಾಡಿಸಿ ತೊಳೆಸಿದರು, ಆಗಲಿಲ್ಲ. ಎರಡನೆಯ ಮಳೆಗೂ ಇಲ್ಲ. ಎರೆಮಣ್ಣು ಒಮ್ಮೆ ಉಪ್ಪು ಕುಡಿದರೆ ಬೇಗ ಬಿಡುವುದಿಲ್ಲವಂತೆ. ಮೆಂತೆ ಹುಟ್ಟುತ್ತಲೇ ಹಳದಿಯಾಗುತ್ತಿತ್ತು. ಓಣಿಯ ಹೆಂಗಸರು ಒಂದು ಮೈಲಿ ನಡೆದು ನೀರು ತರತೊಡಗಿದ್ದರು.

"ಮಂದಿ ಆಕಿಗೇ ಬೈತಾರ್ರೀ," ಎಂದರು ಕಾಕಾ ಒಮ್ಮೆ. "ಮೊದಲ ಗುದ್ದಲಿ ನೀನ ಹಾಕಿದ್ಯಲ್ಲ, ಕ್ಲಬ್ಬಿನವರ ಕಡಿಂದ ಏನ ತಗೊಂಡಿ ಅಂತ ಮುಖಕ್ಕನ ಕೇಳ್ತಾರ."

"ಆಕಿ ಏನಂತಾಳ?"

"ಏನೂ ಅನ್ನೂದಿಲ್ರಿ."

ನಾನು ಆ ಓಣಿಗೆ ಹೋಗಿ, ಆಕೆಯದೇನೂ ತಪ್ಪಿಲ್ಲ, ಮಾತು ಕೊಟ್ಟವಳು ನಾನು ಎಂದು ನಾಲ್ಕು ಜನರ ಮುಂದೆ ಹೇಳಬೇಕೆಂದುಕೊಂಡೆ. ಇವತ್ತು ಮಂಡಿನೋವು, ನಾಳೆ ಬಸ್ಸಿಲ್ಲ, ಆಮೇಲೆ ಶ್ರಾವಣ ಮುಗಿಯಲಿ ಎನ್ನುತ್ತ ಹೋದೆ. ಅಷ್ಟರಲ್ಲಿ ಆಕೆ ಮತ್ತು ಗಂಡ ತೋಟ ಬಿಟ್ಟು ಸುರೇಬಾನದ ಕಡೆ, ಗಂಡನ ಅಣ್ಣತಮ್ಮಂದಿರ ಊರಿಗೆ ಹೋದರೆಂದು ಸುದ್ದಿ ಬಂತು.

ಆಮೇಲೆ ಆಕೆಯನ್ನು ನೋಡಿದ್ದು ಒಂದೇ ಸಲ, ಎರಡು ಸಾವಿರದ ಇಸವಿ ದಾಟಿ ಎಷ್ಟೋ ವರ್ಷಕ್ಕೆ, ರಾಮದುರ್ಗದ ಬಸ್ ಸ್ಟ್ಯಾಂಡಿನಲ್ಲಿ. ಸಂಬಂಧಿಕರ ಮನೆಯ ತೊಟ್ಟಿಲ ಕಾರ್ಯ ಮುಗಿಸಿ ಬೈಲಹೊಂಗಲದ ಬಸ್ಸಿಗೆ ಕಾಯುತ್ತಿದ್ದೆ. ಕಲ್ಲಿನ ಬೆಂಚಿನ ಆ ತುದಿಯಲ್ಲಿ ಕೂತವಳು ಆಕೆಯೇ ಎಂದು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಕೂದಲು ಹಣ್ಣಾಗಿತ್ತು. ಆಕೆಗೆ ನನ್ನ ಗುರುತು ಆಗಲೇ ಹತ್ತಿತ್ತು.

"ಆರಾಮದೀರಿ ಬಾಯಾರ?"

"ಅದೀನಿ. ನೀ?"

"ನಡದೈತ್ರಿ. ಮಗಳ ಮನಿಗೆ ಬಂದಿದ್ದೆ."

ಆಕೆ ಜರುಗಿ ನನಗೆ ಜಾಗ ಮಾಡಿಕೊಟ್ಟಳು. ಇಬ್ಬರೂ ಬರುವ ಹೋಗುವ ಬಸ್ಸುಗಳ ಬೋರ್ಡು ನೋಡುತ್ತ ಕೂತೆವು. ನಾನೇ ಕೇಳಿದೆ.

"ಓಣಿ ಮಂದಿ ನಿನಗ ಅಷ್ಟು ಅಂದರು ಅಂತ ಕೇಳಿದೆ. ನನ್ನ ಹೆಸರು ಯಾಕ ಹೇಳಲಿಲ್ಲ?"

"ಹೇಳಿದ್ರ ಬಾಂವ್ಯಾಗಿನ ನೀರು ಸಿಹಿ ಆಗತಿತ್ತೇನ್ರಿ?"

ಸುರೇಬಾನದ ಬಸ್ಸು ಬಂತು. ಆಕೆ ಮಂಡಿಗೆ ಕೈಯೂರಿ ಎದ್ದು, ಚೀಲ ಹೆಗಲಿಗೆ ಹಾಕಿಕೊಂಡಳು. ಎರಡು ಹೆಜ್ಜೆ ಹೋಗಿ ತಿರುಗಿದಳು.

"ಖರೇ ಹೇಳ್ಲೇನ್ರಿ? ಅವರು ಮಾತು ಕೊಟ್ಟಿದ್ರು, ನಾ ನಂಬಿದೆ ಅಂತ ನಾಕ ಮಂದಿ ಮುಂದ ಹೇಳಾಕ ನನಗ ನಾಚಿಕಿ ಬಂತು. ಅದಕ್ಕ ಸುಮ್ಮನಾದೆ."

ಬಾಗಿಲಲ್ಲಿ ನೂಕುನುಗ್ಗಲು. ಯಾರೋ ಆಕೆಯ ಚೀಲವನ್ನು ಕಿಟಕಿಯಿಂದ ಒಳಗೆ ಇಸಿದುಕೊಂಡರು. ಆಕೆಗೆ ಆಚೆ ಬದಿಯ ಸೀಟು ಸಿಕ್ಕಿತು. ಬಸ್ಸು ಹಿಂದೆ ಸರಿದು ತಿರುಗುವಾಗ ಸೆರಗು ಹೊದ್ದ ಆ ತಲೆ ಒಂದು ಗಳಿಗೆ ಕಂಡಿತು. ಕಂಡಕ್ಟರನಿಗೆ ಏನೋ ಹೇಳುತ್ತಿದ್ದಳು.